ಒಂಬತ್ತನೆಯ ಗೇಟಿನ ಬೀಗ

ಸದಾಶಿವನಗರ, ಬೆಳಗಾವಿ
ಮೇ 16, ಶುಕ್ರವಾರ

ತಂಗಿ ನೀಲಾಳಿಗೆ ನಿನ್ನ ಅಣ್ಣನ ಪ್ರೀತಿಯ ಆಶೀರ್ವಾದಗಳು.

ಪಕ್ಕೆಲುಬಿನ ನೋವು ಹೇಗಿದೆ? ಎಡಕ್ಕೆ ಹೊರಳಿ ಮಲಗಲು ಬರುತ್ತದೆಯೋ? ಡಾಕ್ಟರು ಕಟ್ಟಿಕೊಳ್ಳಲು ಕೊಟ್ಟ ಪಟ್ಟಿಯನ್ನು ಹೊಲಕ್ಕೆ ಹೋಗುವಾಗ ಬಿಚ್ಚಿಡುತ್ತೀಯಂತೆ, ನಿನ್ನ ಗಂಡ ರಾಯಪ್ಪನವರು ನಿನ್ನ ಅತ್ತಿಗೆ ಕಾಂತಾಳ ಮುಂದೆ ಹೇಳಿದರು. ಅವರು ಸುಮ್ಮನೆ ದೂರುವ ಮನುಷ್ಯರಲ್ಲ, ಹಾಗಾಗಿ ನಂಬಿದೆ. ಇಲ್ಲಿ ಕಾಂತಾಳ ಮಣಿಕಟ್ಟು ಕೂಡಿಕೊಂಡಿದೆ, ರೊಟ್ಟಿ ಬಡಿಯುವುದು ಮಾತ್ರ ಇನ್ನೂ ಆಗುತ್ತಿಲ್ಲ. ಮೂರು ತಿಂಗಳಿಂದ ನೀನು ನನ್ನ ಫೋನು ಎತ್ತಿಲ್ಲ. ನಿಮ್ಮೂರು ಹಲಸಿಗೆ ನಾನೇ ಬರಬಹುದಿತ್ತು. ಆದರೆ ಎದುರಿಗೆ ಕೂತರೆ ಮಾತಿನಲ್ಲೇ ಗೆದ್ದುಬಿಡುತ್ತೇನೆ, ಅದು ನಿನಗೂ ಗೊತ್ತು. ಅದಕ್ಕೇ ಈ ಕಾಗದ.

ಮೊನ್ನೆ ಮಠದ ಚನ್ನಬಸಯ್ಯನವರು ಮನೆಗೆ ಬಂದಿದ್ದರು. ಬಸವಣ್ಣನ ಮಾತು ಕೇಳಿ ಬೆಳೆದವರಿಗೆ ಅಷ್ಟು ದೂರದ ಮೇಳಕ್ಕೆ ಹೋಗಿ ನದಿಯಲ್ಲಿ ಮುಳುಗು ಹಾಕುವ ಆಸೆ ಯಾಕೆ ಬಂತು ಎಂದು ಮೆಲ್ಲಗೆ ಕೇಳಿದರು. ಹೊರಡುವ ಮುಂಚೆ ಅವ್ವ ನನಗೆ ಕೊಟ್ಟ ಉತ್ತರವನ್ನೇ ಅವರಿಗೂ ಕೊಟ್ಟೆ: "ಲಿಂಗ ಕೊರಳಾಗ ಐತಿ, ನದಿ ಟಿವಿಯಾಗ ಐತಿ. ಒಮ್ಮೆ ಖರೇ ನೋಡಿ ಬರೂಣು ನಡಿ." ಅವರು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಎಪ್ಪತ್ತನಾಲ್ಕು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ಪ್ರಯಾಣ.

ಈಗ ವಿಷಯಕ್ಕೆ ಬರುತ್ತೇನೆ. ಅವ್ವ ಹೋದ ಆ ಕಾಲ್ತುಳಿತದ ವಿಚಾರಣೆಯ ಕಾಗದ ಬಂದಿದೆ. ಬರುವ ಗುರುವಾರ ಇಲ್ಲಿನ ಕಚೇರಿಯಲ್ಲಿ ಕೂತು, ವಿಡಿಯೋದಲ್ಲಿ ಅಲ್ಲಿಯ ಅಧಿಕಾರಿಗಳ ಮುಂದೆ ನಾನು ಹೇಳಿಕೆ ಕೊಡಬೇಕು. ಹೇಳಿಕೆಯನ್ನು ಅವರೇ ಬರೆದೂ ಕಳಿಸಿದ್ದಾರೆ, ನನ್ನ ಶ್ರಮ ಉಳಿಸಲು. ಕಚೇರಿಯ ಗುಮಾಸ್ತ ಬೀರಣ್ಣ ಹಿಂದಿಯಿಂದ ಓದಿ ಹೇಳಿದ. ಒಂಬತ್ತನೆಯ ಗೇಟು ಬೆಳಗಿನಿಂದ ತೆರೆದೇ ಇತ್ತಂತೆ. ಮೂವರು ಹೆಂಗಸರು, ಅಂದರೆ ಅವ್ವ, ಕಾಂತಾ, ನೀನು, ಸೆರಗಿಗೆ ಸೆರಗು ಗಂಟು ಹಾಕಿಕೊಂಡಿದ್ದರಿಂದ ಒಬ್ಬರನ್ನೊಬ್ಬರು ಎಳೆದುಕೊಂಡು ಬಿದ್ದರಂತೆ. ಓದಿ ಮುಗಿಸಿ ಬೀರಣ್ಣ ಅಂದ, "ಸಾವ್ಕಾರ್ರ, ಒಂದ್ ಸಹಿ ಮಾಡಿಬಿಡ್ರಿ. ಹೋದಾವ್ರು ತಿರುಗಿ ಬರಂಗಿಲ್ಲ, ನಿಮಗ್ಯಾಕ ಕಚೇರಿ ಅಡ್ಡಾಟ?" ಕೆಟ್ಟವನಲ್ಲ, ಚಹಾ ತರಿಸಿದ.

ನಾನು ಸಹಿ ಮಾಡಲಿಲ್ಲ. ಮೂವತ್ತು ವರ್ಷ ಬೀಗ, ಚಿಲಕ, ಬಿಜಾಗರಿ ಮಾರಿದವನಿಗೆ ತೆರೆದ ಗೇಟು ಯಾವುದು, ಮುಚ್ಚಿದ್ದು ಯಾವುದು ಎಂದು ಕಲಿಸಲು ಹೊರಟಿದ್ದಾರೆ. ಎಂಟು ಅಡಿ ಅಗಲದ ಕಬ್ಬಿಣದ ಗೇಟು ಅದು. ಜೊತೆಗೆ ಕಳಿಸಿದ ನಾಲ್ಕು ಪುಟದ ವರದಿಯಲ್ಲಿ ಸತ್ತವರ ಹೆಸರು, ವಯಸ್ಸು, ಊರು ಎಲ್ಲ ಇದೆ. ಆ ಗೇಟಿನ ಉಸ್ತುವಾರಿ ಯಾರದೆಂದು ಒಂದು ಹೆಸರೂ ಇಲ್ಲ.

ಇನ್ನು ಆ ಗಂಟು. "ಗಂಟು ಹಾಕಿದಾಕಿ ನಾನ, ವೈನಿ" ಎಂದು ನೀನು ಕಾಂತಾಳ ಮುಂದೆ ಅತ್ತೆಯಂತೆ. ನೀಲವ್ವಾ, ಹಾಕು ಎಂದವನು ನಾನು. ಗದ್ದಲವಿದ್ದಲ್ಲಿ ಅವ್ವ ಚಿಕ್ಕಂದಿನಲ್ಲಿ ನಮ್ಮಿಬ್ಬರನ್ನೂ ತನ್ನ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳಲ್ಲ, ನನಗೂ ಅದೇ ಉಪಾಯ ಹೊಳೆಯಿತು. ಹಿಂದಿನಿಂದ ಜನ ಬರುತ್ತಲೇ ಇದ್ದರು, ಮುಂದೆ ದಾರಿಯಿರಲಿಲ್ಲ. ಕಟ್ಟಿಕೊಳ್ಳದಿದ್ದವರೂ ಬಿದ್ದರು. ಆ ಗೇಟಿನ ಮುಂದೆ ಸತ್ತ ಹನ್ನೊಂದು ಮಂದಿಯಲ್ಲಿ ಐವರು ಗಂಡಸರು. ಅವರಿಗೆ ಸೆರಗು ಎಲ್ಲಿಂದ ಬಂತು ಎಂದು ಗುರುವಾರ ಕೇಳುತ್ತೇನೆ. ನೀನು ಮಾತ್ರ ಆ ಗಂಟನ್ನು ನಿನ್ನ ತಲೆಯಿಂದ ಇಳಿಸು.

ರಾಯಪ್ಪನವರಿಗೆ ನಮಸ್ಕಾರ ತಿಳಿಸು. ಪಟ್ಟಿ ಬಿಚ್ಚಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ,
ತಮ್ಮಣ್ಣ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಇದನ್ನು ಬರೆಯದಿದ್ದರೆ ಗುರುವಾರ ನೀನು ಬೇರೆಯವರ ಬಾಯಿಂದ ಕೇಳುತ್ತೀ. ನಾನೂ ಜನರ ಜೊತೆ ನಡೆದೇ ಮುಂದೆ ಹೋದೆ, ಆಮೇಲೆ ಗೇಟು ಮುಚ್ಚಿರಬೇಕು ಎಂದು ನಿಮಗೆಲ್ಲ ಹೇಳಿದ್ದೆನಲ್ಲ, ಅದು ಸುಳ್ಳು. ನಾವು ಹೋದಾಗಲೇ ಗೇಟು ಮುಚ್ಚಿತ್ತು, ಜನರ ತಲೆಗಳ ನಡುವೆ ನಿಮಗಿಬ್ಬರಿಗೆ ಅದು ಕಾಣಲಿಲ್ಲ. ಅಲ್ಲಿಯ ಒಬ್ಬ ಗುತ್ತಿಗೆದಾರನ ಜೊತೆ ಮಾತು ಬೆಳೆಸಿ ನಾನೊಂದು ಪಾಸು ಗಿಟ್ಟಿಸಿಕೊಂಡಿದ್ದೆ. ದೊಡ್ಡವರ ಕಾರುಗಳಿಗೆ ಗೇಟು ತೆರೆದಾಗ ಅದನ್ನು ತೋರಿಸಿ ಒಳಗೆ ನುಸುಳಿದೆ. ನೀನೂ ಕಾಂತಾಳೂ ಬಗ್ಗಿ ಚೀಲ ಕಟ್ಟುತ್ತಿದ್ದಿರಿ. "ಹತ್ತ ನಿಮಿಷ ಅವ್ವಾ, ಜಾಗಾ ಹಿಡದು ಬರ್ತೀನಿ" ಎಂದಿದ್ದೆ. ನನ್ನ ಬೆನ್ನ ಹಿಂದೆಯೇ ಬೀಗ ಹಾಕಿದರು. ಕಾರುಗಳು ತಿರುಗಿ ಬರುವವರೆಗೆ ತೆಗೆಯಬೇಡಿ ಎಂದ ಅಧಿಕಾರಿ ನನ್ನಿಂದ ಎರಡು ಮಾರು ದೂರದಲ್ಲಿದ್ದ, ಎದೆಯ ಮೇಲಿನ ಅವನ ಹೆಸರನ್ನು ಓದಿದ್ದೇನೆ. ಹೊರಗೆ ನನ್ನ ತಾಯಿ ಇದ್ದಾಳೆ ಎನ್ನಬಹುದಿತ್ತು. ನಿನಗೆ ಪಾಸು ಕೊಟ್ಟವರಾರು ಎಂದು ಕೇಳಿಯಾರೆಂದು ಸುಮ್ಮನಾದೆ. ಆ ಬೀಗ ಹಾಕಿಸಿದವನನ್ನು ಕಂಡ ಸಾಕ್ಷಿ ನಾನೊಬ್ಬನೇ, ನಾನು ಹೇಗೆ ಒಳಗಿದ್ದೆ ಎಂಬುದನ್ನು ಬಿಟ್ಟು ಅದನ್ನು ಹೇಳಲಾಗದು. ಎಲ್ಲವನ್ನೂ ಹೇಳುತ್ತೇನೆ. ಆಮೇಲೆ ನೀನು ಫೋನು ಎತ್ತಿದರೂ ಸರಿ, ಎತ್ತದಿದ್ದರೂ ಸರಿ. ಬೀಗ ಬಿದ್ದಾಗ ಅವ್ವ ಸರಳುಗಳ ಆಚೆಯಿಂದ ನನ್ನನ್ನೇ ನೋಡುತ್ತಿದ್ದಳು, ನೀಲಾ. ಮಗ ಒಳಗೆ ಹೋದನಲ್ಲ ಎಂದು ಅವಳ ಮುಖ ಅರಳಿತ್ತು.