ಕೆಳಗಿನ ತುದಿ

ತಮ್ಮಾ,

ಇದು ನಿನಗೆ ತಲುಪುವುದಿಲ್ಲ, ಗೊತ್ತು. ಆದರೂ ಇವತ್ತಿನ ಕೆಲಸದ ಸುದ್ದಿಯನ್ನು ಇನ್ಯಾರಿಗೆ ಹೇಳಲಿ?

ಮೂರನೇ ಮಹಡಿಯಿಂದ ಒಂದು ಮರದ ಬೀರು ಇಳಿಸಬೇಕಿತ್ತು. ನೀನು ತೀರಿಕೊಂಡ ಮೇಲೆ ನನ್ನ ಜೊತೆ ಸಾಮಾನು ಹೊರಲು ಬರುತ್ತಿರುವುದು ಭಾವ. "ನೀನು ಕೆಳಗೆ ಹಿಡ್ಕೊಳ್ಳಪ್ಪ, ನಾನು ಮೇಲಿಂದ ದಾರಿ ಹೇಳ್ತೀನಿ" ಅಂದರು. ಅಕ್ಕನ ಗಂಡ, ವಯಸ್ಸಿನಲ್ಲೂ ದೊಡ್ಡವರು. "ಆಗಲಿ ಭಾವ" ಅಂದುಬಿಟ್ಟೆ. ಅಂದ ಮೇಲೆ ಅದು ನಿನ್ನ ಮಾತು ಎಂದು ಹೊಳೆಯಿತು.

ಇಷ್ಟು ವರ್ಷ ಮೇಲಿನ ತುದಿ ನನ್ನದೇ ಅಲ್ಲವೆ? "ಎಡಕ್ಕೆ ತಿರುಗಿಸೋ, ನಿಧಾನ ಕಣೋ" ಎಂದು ನಾನು ಬಾಯಿ ಮಾಡುತ್ತಿದ್ದರೆ, ಬೀರುವಿನ ಆಚೆಯಿಂದ "ಆಗಲಿ ಅಣ್ಣ" ಎಂಬ ದನಿ ಮಾತ್ರ ಬರುತ್ತಿತ್ತು. ನಿನ್ನ ಮುಖ ಕಾಣುತ್ತಿರಲಿಲ್ಲ. ಅಣ್ಣನ ಮೇಲೆ ಎಷ್ಟು ಮರ್ಯಾದೆ ನೋಡಿ ಎಂದು ಜನ ಹೊಗಳಿದರೆ ನಾನು ಮೀಸೆ ತಿರುವುತ್ತಿದ್ದೆ.

ಇವತ್ತು ಮೊದಲ ತಿರುವಿನಲ್ಲೇ ಇಡೀ ಬೀರು ಬಂದು ನನ್ನ ಎದೆಗೆ ಒರಗಿತು. ಹಿಂದಿನ ಮೆಟ್ಟಿಲನ್ನು ಕಾಲಿನಲ್ಲೇ ತಡಕಬೇಕು. "ಸ್ವಲ್ಪ ಎತ್ತು" ಎಂದರು ಭಾವ. ಆಗಲಿ ಎನ್ನಲು ಬಾಯಿ ತೆರೆದರೆ ಉಸಿರೇ ಇಲ್ಲ. ತಲೆಯಾಡಿಸಿದೆ. ಅದು ಅವರಿಗೆ ಹೇಗೆ ಕಾಣಬೇಕು?

"ಏನಯ್ಯ, ಕೇಳಿಸ್ತೋ ಇಲ್ವೋ?" ಎಂದು ರೇಗಿದರು, ಥೇಟ್ ನನ್ನ ಹಾಗೆ.

ನೀನು ಕುಸಿದುಬಿದ್ದ ಆ ಕೊನೆಯ ದಿನ, ಮೆಟ್ಟಿಲ ಮೇಲೆ ನಿನ್ನಿಂದ ಉತ್ತರ ಬಾರದಿದ್ದಾಗ ನಾನೂ ಹೀಗೇ ಕೂಗಿದ್ದೆ. ತುಸು ತಡೆದು "ಆಗಲಿ ಅಣ್ಣ" ಎಂದೆ ನೀನು. ಅವತ್ತಿನ ಬೀರು ನೆಲ ಮುಟ್ಟುವವರೆಗೂ ನೀನು ಕೈ ಬಿಡಲಿಲ್ಲ.