ನನ್ನ ಸೊಸೆಯನ್ನು ನೀವು ಕೇಳದ ಪ್ರಶ್ನೆ

ಮಾನ್ಯ ಆರೋಗ್ಯ ಕೇಂದ್ರದ ನಿರ್ದೇಶಕರೇ,

ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೂ ನಡುನಡುವೆ ರಕ್ತದ ಕಲೆ ಕಾಣುತ್ತಿದೆ ಎಂದು ಹೇಳಿಕೊಳ್ಳಲು ನನ್ನ ಸೊಸೆ ನೆವೆನಾ ಎರಡು ಸಲ ನಿಮ್ಮಲ್ಲಿಗೆ ಬಂದಳು. ಎರಡು ಸಲವೂ ನಾಲ್ಕು ನಿಮಿಷದಲ್ಲಿ ಹೊರಬಿದ್ದಳು. ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದೇ ನನ್ನ ದೂರು.

ನೆವೆನಾ ಅಂಚೆಯವಳು. ಸುವಾ ಬೆಟ್ಟದ ಕೆಳಗಿನ ಏಳು ಹಳ್ಳಿಗಳಿಗೆ ನಡೆದೇ ಕಾಗದ ಮುಟ್ಟಿಸುತ್ತಿದ್ದಳು. ನಾಲ್ಕು ಮಕ್ಕಳು ಬೇಕು ಎಂದು ಮದುವೆಯ ಊಟದಲ್ಲೇ ಎಲ್ಲರೆದುರು ಸಾರಿದವಳು. ಮೊದಲ ಮಗಳು ದುನ್ಯಾ ಹುಟ್ಟುವಾಗಲೇ ಅವಳ ಹೃದಯ ಸೋತಿತು. ಇನ್ನೊಮ್ಮೆ ಬಸಿರಾದರೆ ಜೀವಕ್ಕೇ ಅಪಾಯ ಎಂದ ದೊಡ್ಡಾಸ್ಪತ್ರೆಯವರು ಅವಳ ಹೃದಯಕ್ಕೆ ಒಗ್ಗುವ ಗುಳಿಗೆ ಬರೆದುಕೊಟ್ಟರು. ಒಂದು ದಿನವೂ ಅವಳು ಅದನ್ನು ತಪ್ಪಿಸಲಿಲ್ಲ. ಆದರೆ ಬೆಟ್ಟದ ನಡಿಗೆ ನಿಂತು, ಕಚೇರಿಯೊಳಗೆ ಕುಳಿತು ಕಾಗದಗಳಿಗೆ ಮುದ್ರೆ ಒತ್ತುವ ಕೆಲಸಕ್ಕೆ ಬಿದ್ದ ಮೇಲೆ ಮಾತೇ ಬಿಟ್ಟಳು. ನನಗೆ ನೋಡಲಾಗಲಿಲ್ಲ. ಮನಸ್ಸು ಕುಸಿದವರಿಗೆ ಇಲ್ಲಿ ಎಲ್ಲರೂ ಕೊಡುವುದನ್ನೇ ನಾನೂ ಕೊಟ್ಟೆ. ಬೆಟ್ಟದಲ್ಲಿ ನಾನೇ ಕಿತ್ತು ಒಣಗಿಸಿದ್ದ ಕಂತಾರಿಯೋನ್ ಎಂಬ ಹಳದಿ ಹೂವಿನ ಸೊಪ್ಪಿನ ಚಹಾ, ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ.

"ಕುಡಿ ಮಗಳೇ, ಎದೆಭಾರ ಇಳಿಯತ್ತೆ."

ಮೂರು ವಾರಕ್ಕೆ ಕಲೆ ಶುರುವಾಯಿತು.

ನಿಮ್ಮ ವೈದ್ಯರು ತಲೆಯೆತ್ತದೆ ಹೇಳಿದ್ದನ್ನು ಪಕ್ಕದಲ್ಲೇ ಕುಳಿತಿದ್ದ ನಾನು ಕೇಳಿಸಿಕೊಂಡೆ. "ಗುಳಿಗೆ ಅಂದ್ಮೇಲೆ ಅಲ್ಪಸ್ವಲ್ಪ ಕಾಣಿಸತ್ತಮ್ಮ. ನಾಲ್ಕು ಹನಿಗೆಲ್ಲಾ ಓಡಿಬಂದ್ರೆ ನಾವು ರೋಗಿಗಳನ್ನ ಯಾವಾಗ ನೋಡೋದು?"

"ಆರು ತಿಂಗಳು ಇರ್ಲಿಲ್ಲ ಡಾಕ್ಟ್ರೇ, ಈಗ ಹೊಸದಾಗಿ..." ಎಂದಳು ನೆವೆನಾ.

"ಇಂಟರ್ನೆಟ್ಟಲ್ಲಿ ಓದ್ಕೊಂಡು ಬಂದ್ಯಾ?"

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಮಾನ್ಯರೇ. ಬಹಳ ಹೆಂಗಸರಿಗೆ ಅದು ಮಾಮೂಲೇ ಅಂತೆ. ಆದರೆ ಇಲ್ಲದ್ದು ದಿಢೀರನೆ ಶುರುವಾದಾಗ "ಬೇರೇನಾದ್ರೂ ತಗೊಳ್ತಿದೀಯಾ?" ಎಂದು ಕೇಳಲು ಯಾವ ಯಂತ್ರ ಬೇಕಿತ್ತು? ಯಾವ ಸಚಿವರ ಅಪ್ಪಣೆ ಬೇಕಿತ್ತು? ಆ ಸೊಪ್ಪು ಗುಳಿಗೆಯ ಬಲವನ್ನೇ ಕುಂದಿಸುತ್ತದೆಂದು ಡಬ್ಬಿಯೊಳಗಿನ ಚೀಟಿಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಬರೆದಿದೆ. ನಾನು ಅದನ್ನು ಭೂತಗನ್ನಡಿ ಹಿಡಿದು ಓದಿದೆ, ಎಲ್ಲ ಮುಗಿದ ಮೇಲೆ. ನಿಮ್ಮ ವೈದ್ಯರ ಕಣ್ಣು ನನ್ನದಕ್ಕಿಂತ ಚೆನ್ನಾಗಿಯೇ ಇರಬೇಕಲ್ಲವೇ?

ನೆವೆನಾ ಎಂಟು ವಾರದ ಬಸುರಿ ಎಂದು ತಿಳಿದ ದಿನ ನನ್ನ ಮಗ ರಾದಿಶಾ ನಮ್ಮಿಬ್ಬರನ್ನೂ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಹೃದಯತಜ್ಞೆ ಕುರ್ಚಿ ಎಳೆದುಕೊಂಡು ಕುಳಿತು ಮೊದಲು ಕೇಳಿದ್ದೇ ಅದನ್ನು: "ಸೊಪ್ಪು, ಚಹಾ, ಏನಾದ್ರೂ ಕುಡಿತಿದ್ಯೇನಮ್ಮಾ?"

ನೆವೆನಾ ನನ್ನ ಕಡೆ ನೋಡಿದಳು. ಆಮೇಲೆ ಗಂಡನ ಕಡೆ.

"ಕಂತಾರಿಯೋನ್. ಸಂತೇಲಿ ನಾನೇ ಕೊಂಡ್ಕೊಂಡೆ."

ನಾನು ಅವಳ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡೆ.

ಗರ್ಭ ತೆಗೆಸಲು ರುಜು ಹಾಕುವಾಗ ಅವಳು ಪೆನ್ನು ನಿಲ್ಲಿಸಿ, "ಇದು ಬೇಡದ ಮಗು ಅಲ್ಲ ಡಾಕ್ಟ್ರೇ. ಅದನ್ನೂ ಎಲ್ಲಾದ್ರೂ ಬರ್ಕೊಳ್ಳಿ" ಎಂದಳು. ಹಾಗೆ ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ಮನೆಗೆ ಬಂದ ಮೇಲೆ ರಾದಿಶಾ ಒಂದೇ ಸಲ ಕೂಗಾಡಿದ. "ಕಂಡಕಂಡ ಹುಲ್ಲು ಕುಡಿಯೋ ಮುಂಚೆ ಒಂದ್ಮಾತು ಕೇಳೋಕೇನಾಗಿತ್ತು ನಿಂಗೆ?" ಐದು ತಿಂಗಳಾಯಿತು, ಹೆಂಡತಿಯೊಂದಿಗೆ ಅವನ ಮಾತು ಉಪ್ಪು, ಬ್ರೆಡ್ಡು, ಬಾಗಿಲು, ಇಷ್ಟಕ್ಕೇ ಮುಗಿಯುತ್ತದೆ.

"ಸಂತೇಲಿ ಕೊಂಡೆ ಅಂತ ಯಾಕಂದೆ?" ಎಂದು ನಾನು ಅವಳನ್ನು ಕೇಳಿದೆ.

"ನೀವು ಒಳ್ಳೇದಕ್ಕೇ ಕೊಟ್ಟಿದ್ರಿ ಅತ್ತೆ. ನನ್ನನ್ನ ಒಂದಿನ ಕ್ಷಮಿಸ್ತಾನೆ. ನಿಮ್ಮನ್ನ ಕ್ಷಮಿಸಲ್ಲ."

ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಲು ನಾನು ಬರೆಯುತ್ತಿಲ್ಲ. ನನ್ನ ಪಾಲು ನನಗಿರಲಿ. ನಾನು ಹೆಚ್ಚು ಓದದ ಹೆಂಗಸು. ನಿಮ್ಮ ಗೋಡೆಯ ಮೇಲೆ ಎಷ್ಟೊಂದು ಪದವಿಪತ್ರಗಳಿವೆ! ಗುಳಿಗೆ ಬರೆಸಿಕೊಳ್ಳುವ, ಕಲೆ ಕಂಡಿತೆಂದು ಬರುವ ಪ್ರತಿಯೊಬ್ಬಳನ್ನೂ ಆ ಒಂದು ಪ್ರಶ್ನೆ ಕೇಳುವಂತೆ ಲಿಖಿತ ಆದೇಶ ಹೊರಡಿಸಿ. ಕಾಯುವ ಕೋಣೆಯಲ್ಲಿ ಆ ಸೊಪ್ಪಿನ ಹೆಸರನ್ನು ಮುದುಕಿಯರಿಗೂ ಕಾಣುವಷ್ಟು ದೊಡ್ಡದಾಗಿ ಬರೆಸಿ. ಮದ್ದು ಕೊಡುವವರು ನಾವೇ ತಾನೆ?

ಇದನ್ನು ನಿಮ್ಮ ದೂರುಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟಿರುವುದಕ್ಕೆ ಒಂದು ಕಾರಣವಿದೆ. ಗುರುವಾರದ ಪತ್ರಿಕೆಯನ್ನು ರಾದಿಶಾ ಒಂದಕ್ಷರ ಬಿಡದೆ ಓದುತ್ತಾನೆ. ಮುಖ ನೋಡಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಇಂತಿ,
ಕೇಳಿದಾಗಲೂ ಬಾಯಿ ಬಿಡದ ಅತ್ತೆ,
ಸ್ತಾಮೆಂಕಾ