ಮಂಚದ ನಡುವಿನ ದಿಂಬು, ಮೂರನೇ ಮಹಡಿಯ ಬೀಗ

ಕಾರ್ಖಾನೆ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನಮ್ಮ ಮನೆಯ ಮಂಚದ ನಟ್ಟನಡುವೆ ಐದೂವರೆ ಅಡಿ ಉದ್ದದ, ನೀಲಿ ಗೆರೆಯ, ಗಟ್ಟಿಯಾಗಿ ತುಂಬಿದ ಒಂದು ದಿಂಬು ಪವಡಿಸಿ ಇಂದಿಗೆ ನಲವತ್ತೊಂದು ದಿನಗಳಾದವು ಎಂಬ ಐತಿಹಾಸಿಕ ಸಂಗತಿಯನ್ನು ತಮಗೂ ಸಮಸ್ತ ನಾಗರಿಕರಿಗೂ ಈ ಪತ್ರಿಕೆಯ ಮೂಲಕ ಘೋಷಿಸುತ್ತಿದ್ದೇನೆ. ಅಂಗಿಯ ಕಾಲರಿನಲ್ಲಿ ಅಳತೆಯ ಚೀಟಿ ಇರುತ್ತದಲ್ಲ, ಹಾಗೆ ಅದರ ಅಂಚಿಗೂ ಒಂದು ಪುಟ್ಟ ಚೀಟಿ ಹೊಲಿದಿದೆ. ‘ಬಾಗಿಲು ತೆರೆಯುವವರೆಗೆ’ ಎಂದು ಅದರಲ್ಲಿ ಬರೆದಿದೆ. ಸಿದ್ಧ ಉಡುಪಿನ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಹೊಲಿಯುವ ಎಂಬತ್ತೆರಡು ಹೆಂಗಸರಲ್ಲಿ ಮದುವೆಯಾದವರು ಅರವತ್ತಮೂರು ಮಂದಿ. ಅರವತ್ತಮೂರು ಮಂಚಗಳಲ್ಲೂ ಇದೇ ದಿಂಬು, ಇದೇ ಚೀಟಿ. ಗಂಡಂದಿರಿಗೆ ಊಟ ಉಂಟು, ಮಾತು ಉಂಟು, ಸಮಯವಿದ್ದರೆ ನಗೆಯೂ ಉಂಟು. ದಿಂಬಿನಾಚೆಗೆ ಮಾತ್ರ ಪ್ರವೇಶವಿಲ್ಲ. ಹೆಂಗಸರು ತೆರೆಯಿರಿ ಎನ್ನುತ್ತಿರುವುದು ಆ ಮಹಡಿಯ ಹಿಂದಿನ ಮೆಟ್ಟಿಲ ಬಾಗಿಲನ್ನು. ತಾವು ಬಾಗಿಲು ತೆರೆಸುವುದನ್ನು ಬಿಟ್ಟು ದಿಂಬು ತೆಗೆಸಲು ಹೊರಟಿದ್ದೀರಿ. ನನ್ನ ದೂರು ಇಷ್ಟೇ.

ನಾನು ಯಾರೆಂದರೆ, ಆ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಬೀಗ ರಿಪೇರಿ ಮಾಡುವವನು. ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದವನೂ ನಾನೇ. ಯಾರೂ ಒಂದು ಅಂಗಿಯನ್ನು ಸೆರಗಿನಲ್ಲಿಟ್ಟು ಇಳಿದುಹೋಗಬಾರದೆಂದು ಬೀಗ. ಬಾಗಿಲು ಸದಾ ತೆರೆದಿರಬೇಕೆಂದು ನಿಯಮ. ಇವೆರಡೂ ಜಗಳವಾಡದೆ ಬಾಳುವುದು ಹೇಗೆಂಬುದು ತಮಗೆ ಗೊತ್ತಿಲ್ಲದ್ದೇನಲ್ಲ. ತಪಾಸಣೆಗೆ ಬರುತ್ತೇವೆಂದು ತಮ್ಮ ಕಚೇರಿಯ ಪತ್ರ ಮೂರು ದಿನ ಮುಂಚೆ ಬರುತ್ತದೆ. ಮೇಲ್ವಿಚಾರಕರು ನನಗೆ ಹೇಳಿಕಳಿಸುತ್ತಾರೆ. ನಾನು ಹೋಗಿ ಬೀಗ, ಚಿಲಕ ಎರಡನ್ನೂ ಬಿಚ್ಚಿ, ಮೊಳೆಯ ತೂತುಗಳಿಗೆ ಮೇಣ ತುಂಬಿ, ಮೇಲೆ ಬಣ್ಣ ಸವರಿ ಬರುತ್ತೇನೆ. ಮರುದಿನ ತಮ್ಮವರು ಬಂದು ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ, ‘ಮಾರ್ಗ ಮುಕ್ತವಾಗಿದೆ’ ಎಂದು ಬರೆದುಕೊಂಡು ಹೋಗುತ್ತಾರೆ. ಅದರ ಮಾರನೇ ದಿನ ನಾನು ಮೇಣ ಕೆರೆದು ಬೀಗ ಕೂರಿಸುತ್ತೇನೆ. ನಾಲ್ಕು ವರ್ಷದಲ್ಲಿ ಎಂಟು ಸಲ ಹೀಗಾಗಿದೆ. ಕೈ ಎಷ್ಟು ಪಳಗಿದೆಯೆಂದರೆ ಕಣ್ಣು ಮುಚ್ಚಿಯೂ ಮಾಡಬಲ್ಲೆ. ಮಾಡಿದ್ದೂ ಕಣ್ಣು ಮುಚ್ಚಿಯೇ. ಏಕೆಂದರೆ ಆ ಬಾಗಿಲಿನ ಒಳಗಡೆ, ಕಿಟಕಿಯಿಂದ ನಾಲ್ಕನೇ ಮಿಷನ್ನಿನಲ್ಲಿ ಕೂತು ಕಾಲರ್ ಹೊಲಿಯುವವಳು ನನ್ನ ಹೆಂಡತಿ.

ನಲವತ್ತೆರಡು ದಿನಗಳ ಹಿಂದೆ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಇಸ್ತ್ರಿ ಮೇಜಿನ ವೈರು ಸುಟ್ಟು ಮುಂದಿನ ಮೆಟ್ಟಿಲಿನ ತುಂಬ ಹೊಗೆ ಅಡರಿತು. ಹಿಂದಿನ ಬಾಗಿಲ ಕೀಲಿಕೈ ಇರುವುದು ಬಾಗಿಲಾಚೆ ಮೆಟ್ಟಿಲ ತುದಿಯಲ್ಲಿ ಸ್ಟೂಲಿನ ಮೇಲೆ ಕೂರುವ ಕಾವಲುಗಾರನ ಸೊಂಟದಲ್ಲಿ. ನಾವೆಲ್ಲ ಮೀಸೆಯಣ್ಣ ಎಂದು ಕರೆಯುವ ಆತ ಚಹಾ ಕುಡಿಯಲು ಗಲ್ಲಿಗೆ ಇಳಿದಿದ್ದ. ಅವನ ಮೊಣಕಾಲಿಗೆ ಮೂರು ಮಹಡಿ ಇಳಿದು ಹತ್ತಲು ಹನ್ನೊಂದು ನಿಮಿಷ ಬೇಕು. ಅಷ್ಟೂ ಹೊತ್ತು ಎಂಬತ್ತೆರಡು ಮಂದಿ ಆ ಬಾಗಿಲನ್ನು ಗುದ್ದಿದರು. ಮಾನ್ಯರೇ, ಆ ಸದ್ದು ನನ್ನ ಅಂಗಡಿಗೆ ಕೇಳಿಸಿತ್ತು. ಯಾರೋ ಎಲ್ಲೋ ಮೊಳೆ ಹೊಡೆಯುತ್ತಿದ್ದಾರೆ ಎಂದುಕೊಂಡು ನಾನು ರೇಡಿಯೊದ ದನಿ ಏರಿಸಿದೆ.

ಯಾರೂ ಸಾಯಲಿಲ್ಲ. ಆದ್ದರಿಂದ ತಮ್ಮ ಕಡತದಲ್ಲಿ ಏನೂ ನಡೆಯಲೇ ಇಲ್ಲ. ಬಾಗಿಲು ತೆರೆದ ಮೇಲೆ ನನ್ನವಳು ಕೆಮ್ಮುತ್ತ ಅಂಗಡಿಗೆ ಬಂದು, ಬಾಗಿಲ ಸಂದಿಗೆ ತುರುಕಿ ಮೀಟಿ ಹಿಡಿ ಮುರಿದ ಕತ್ತರಿಯನ್ನು ನನ್ನ ಮುಂದಿಟ್ಟಳು. ಅಂಗೈ ಒಡೆದಿತ್ತು. ಬೈಯುತ್ತಾಳೆಂದು ಕಾದೆ.

“ಒಳ್ಳೇ ಬೀಗ ರೀ,” ಎಂದಳು. “ಅಷ್ಟು ಜನ ಗುದ್ದಿದ್ರೂ ಒಂಚೂರು ಜಗ್ಗಲಿಲ್ಲ.”

ಮಾರನೇ ದಿನ ಊಟದ ಬಿಡುವಿನಲ್ಲಿ ಹೆಂಗಸರು ಲೆಕ್ಕ ಹಾಕಿದರಂತೆ. ಬೀಗ ಹಾಕಿದವನು ಒಬ್ಬಳ ಗಂಡ. ಹಾಕಿಸಿದ ಮೇಲ್ವಿಚಾರಕ ಗುಂಡಿ ಹೊಲಿಯುವವಳ ಗಂಡ. ಕೀಲಿಕೈ ಇಟ್ಟುಕೊಂಡ ಮೀಸೆಯಣ್ಣ ದಾರ ಕತ್ತರಿಸುವ ಅಜ್ಜಿಯ ಗಂಡ. (ಆ ಮಂಚದಲ್ಲಿ ದಿಂಬಿನ ಅಗತ್ಯ ಇತ್ತೇ ಎಂದು ಕೇಳಿದ ಅವಿವೇಕಿಗೆ ಅಜ್ಜಿ ಕೊಟ್ಟ ಉತ್ತರವನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.) ಹಿಂದಿನ ಎರಡು ವರ್ಷದಲ್ಲಿ ತಮ್ಮ ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟಾಗಿತ್ತು. ಮೂರೂ ಸಲ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿತ್ತು. ಕಾರ್ಖಾನೆ ಹೊರಗೆಸೆಯುವ ಚೂರುಬಟ್ಟೆ ತುಂಬಿ ಅಂದೇ ದಿಂಬುಗಳು ತಯಾರಾದವು. ಬಾಗಿಲಿಗೂ ಇದಕ್ಕೂ ಏನೇ ಸಂಬಂಧ ಎಂದು ನಾನು ಜಾಣನಂತೆ ಕೇಳಿದೆ. ಅವಳು ದಿಂಬನ್ನು ತಟ್ಟಿ ಸರಿಮಾಡುತ್ತ, “ಅರ್ಜಿ ಬರೆದ್ವಿ, ಯಾರೂ ಓದಲಿಲ್ಲ. ಇದನ್ನ ಊರೆಲ್ಲ ಓದ್ತಿದೆ ನೋಡಿ,” ಎಂದಳು.

ಊರೇನು, ತಾವೂ ಓದಿದಿರಿ. ಕಾರ್ಖಾನೆಯೊಳಗಿನ ಒಂದು ಬಾಗಿಲಿನ ಬೀಗ ತನ್ನ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಎಂದು ಎರಡು ವರ್ಷ ತಲೆ ಕೆರೆದುಕೊಂಡ ಕಚೇರಿಗೆ, ನಮ್ಮ ಮಲಗುವ ಕೋಣೆ ತನ್ನ ವ್ಯಾಪ್ತಿಯೆಂದು ಒಂದೇ ವಾರದಲ್ಲಿ ಹೊಳೆದದ್ದು ಹೇಗೆ? ತಮ್ಮ ಸುತ್ತೋಲೆ ಬಂತು. ಇದು ಉತ್ಪಾದನೆಗೆ ಧಕ್ಕೆ ತರುವ ಪಿತೂರಿಯಂತೆ. ‘ದಾಂಪತ್ಯ ಯಥಾಸ್ಥಿತಿಯಲ್ಲಿದೆಯೇ? ಹೌದು/ಇಲ್ಲ’ ಎಂಬ ನಮೂನೆಗೆ ಗಂಡ ಸಹಿ ಹಾಕಬೇಕಂತೆ. ‘ಇಲ್ಲ’ ಎಂದರೆ ಹೆಂಡತಿಯ ಕೆಲಸ ಹೋಗುತ್ತದೆ, ಮೇಲೊಂದು ಮೊಕದ್ದಮೆ. ತಮ್ಮ ಗುಮಾಸ್ತರು ಟೇಪು ಹಿಡಿದು ನಮ್ಮ ಮನೆಗೂ ಬಂದು, ಬೆವರೊರೆಸಿಕೊಳ್ಳುತ್ತ ದಿಂಬಿನ ಉದ್ದ, ಸುತ್ತಳತೆ ಬರೆದುಕೊಂಡರು. ನನ್ನ ತಾಯಿ ಬಾಗಿಲಲ್ಲೇ ಕೂತು ನೋಡುತ್ತಿದ್ದವರು, “ಟೇಪು ಚೆನ್ನಾಗಿದೆ ಕಣಪ್ಪ. ಮೂರನೇ ಮಹಡಿವರೆಗೆ ಮುಟ್ಟಲ್ವಾ ಇದು?” ಎಂದು ಕೇಳಿದರು. ಗುಮಾಸ್ತರು ನೀರು ಕೇಳಿ ಕುಡಿದು ಹೋದರು. ಅಂದಹಾಗೆ, ತಮ್ಮ ಕೋಣೆಗೆ ಕಳೆದ ವಾರ ಒಂದು ಮಡಚುವ ಮಂಚ ಬಂದಿದೆಯೆಂದು ಕಚೇರಿಯ ಜವಾನ ಹೇಳುತ್ತಿದ್ದ. ಯಾಕೆಂದು ನಾನು ಕೇಳುವುದಿಲ್ಲ. ಒಂದೇ ದೋಣಿಯವರು ಒಬ್ಬರನ್ನೊಬ್ಬರು ಕೆದಕಬಾರದು.

ಇಷ್ಟೆಲ್ಲ ತಮಾಷೆ ಮಾಡುತ್ತಿರುವುದು ಧೈರ್ಯಕ್ಕಲ್ಲ, ಮಾನ್ಯರೇ. ಕತ್ತಲಲ್ಲಿ ನಡೆಯುವವನು ಸಿಳ್ಳೆ ಹಾಕುವಂತೆ ಇದು. ದಿಂಬು ತಂದ ವಿರಹವನ್ನು ಹೇಗೋ ತಡೆದುಕೊಂಡೇನು. ಮಧ್ಯಾಹ್ನ ನಾಲ್ಕು ಗಂಟೆಯನ್ನು ತಡೆಯಲಾರೆ. ಆ ಹೊತ್ತಿಗೆ ಕೀಲಿಕೈ ಉಜ್ಜುತ್ತಿರುವ ಅರ ತಾನಾಗಿ ನಿಲ್ಲುತ್ತದೆ. ಮೂರನೇ ಮಹಡಿಯ ಕಿಟಕಿಯನ್ನೇ ನೋಡುತ್ತೇನೆ. ಅದಕ್ಕೆ ಸರಳುಗಳಿವೆ. ಎಲ್ಲಿ ಮೊಳೆ ಹೊಡೆದರೂ ಎದ್ದು ಬೀದಿಗೆ ಓಡುತ್ತೇನೆ. ಎದುರಂಗಡಿಯವರು ಮೊದಮೊದಲು ನಗುತ್ತಿದ್ದರು. ಈಗ ಅವರೂ ನನ್ನ ಜೊತೆ ತಲೆಯೆತ್ತಿ ನೋಡುತ್ತಾರೆ.

ಕೆಲಸ ಬಿಟ್ಟುಬಿಡೇ, ಹೇಗೋ ಆಗುತ್ತದೆ ಎಂದು ಅವಳನ್ನು ಬೇಡಿಕೊಂಡೆ. ನಿನಗೆ ಹೆದರಿಕೆ ಆಗುವುದಿಲ್ಲವೇ ಎಂದೆ.

“ಆಗದೆ ಏನು? ಆ ಬಾಗಿಲನ್ನೇ ನೋಡ್ತಾ ನಿನ್ನೆ ಎರಡು ಕಾಲರ್ ಕೆಡಿಸಿದೆ,” ಎಂದಳು. “ನಾನು ಬಿಟ್ರೆ ನಾಳೆ ಆ ಮಿಷನ್ನಿಗೆ ಇನ್ನೊಬ್ಬಳು ಬಂದು ಕೂರ್ತಾಳೆ. ಅವಳ ಗಂಡನೂ ಹಿಂಗೇ ಕಿಟಕಿ ನೋಡ್ತಾ ನಿಲ್ಲಬೇಕು, ಅಷ್ಟೇ ತಾನೇ?”

ನಮೂನೆಗೆ ಶನಿವಾರದೊಳಗೆ ಸಹಿ ಮಾಡಬೇಕು. ‘ಹೌದು’ ಎಂದು ಸುಳ್ಳು ಬರೆದರೆ ಅವಳ ಕೆಲಸ ಉಳಿಯುತ್ತದೆ. ಆದರೆ ಅರವತ್ತಮೂರು ಗಂಡಂದಿರು ಅದನ್ನೇ ಬರೆದರೆ ಪ್ರತಿಭಟನೆಯೇ ನಡೆದಿಲ್ಲವೆಂದು ತಾವು ಕಡತ ಮುಚ್ಚುತ್ತೀರಿ, ಬೀಗ ಇದ್ದಲ್ಲೇ ಇರುತ್ತದೆ. ಆದ್ದರಿಂದ ನಾನು ‘ಇಲ್ಲ’ ಎಂದು ಬರೆದಿದ್ದೇನೆ. ಅಕ್ಷರ ಸೊಟ್ಟಗಿದೆ, ಓದಿಕೊಳ್ಳಿ. ಬರೆಯುವ ಮುಂಚೆ ಅವಳನ್ನು ಕೇಳಿದೆ. ಪೆನ್ನು ಹುಡುಕಿಕೊಟ್ಟವಳೇ ಅವಳು.

ತಪಾಸಣೆಯ ಪತ್ರ ಮತ್ತೆ ಬಂದಿದೆ, ಗುರುವಾರಕ್ಕೆ. ಬುಧವಾರ ನಾನು ಬೀಗ ಬಿಚ್ಚುತ್ತೇನೆ. ಶುಕ್ರವಾರ ಅದನ್ನು ಕೂರಿಸುವುದಿಲ್ಲ. ಕೂರಿಸಲು ಇನ್ನೊಬ್ಬ ಸಿಗುತ್ತಾನೆಂಬುದು ಗೊತ್ತು. ಅದಕ್ಕೇ ನನ್ನ ಬೇಡಿಕೆ: ಸುತ್ತೋಲೆ ವಾಪಸು ಪಡೆಯಿರಿ. ಗುರುವಾರ ಬೇಡ, ಮುಂಚೆ ಪತ್ರ ಕಳಿಸದೆ ಶುಕ್ರವಾರ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತಾವೇ ಬನ್ನಿ. ಮುಂದಿನ ಮೆಟ್ಟಿಲು ಹತ್ತಿ, ಹಿಂದಿನ ಮೆಟ್ಟಿಲು ಇಳಿಯಿರಿ. ಇಳಿಯಲು ಬಂದರೆ ಸರಿ. ಬಾರದಿದ್ದರೆ ಗುದ್ದಿ. ಈ ಸಲ ರೇಡಿಯೊ ಹಾಕಿರುವುದಿಲ್ಲ.

ಇಂತಿ,
ತನ್ನ ಕೈಕೆಲಸದ ಗಟ್ಟಿತನಕ್ಕೆ ತಾನೇ ಹೆದರಿ ಕೂತಿರುವ,
ದಿಂಬಿನ ಎಡಗಡೆಯ ಬೀಗದವನು

ತಾ.ಕ.: ಇದು ಓದುಗರಿಗೆ. ಮೀಸೆಯಣ್ಣ ಚಹಾಕ್ಕೆ ಇಳಿಯದಿರಲೆಂದು ಈ ನಲವತ್ತೊಂದು ದಿನ ನಾನೇ ಅವನ ಸ್ಟೂಲಿನ ಬಳಿಗೆ ಲೋಟ ಒಯ್ದುಕೊಟ್ಟಿದ್ದೇನೆ. ಪತ್ರ ಅಚ್ಚಾದ ಮೇಲೆ, ಬುಧವಾರ ಬೀಗ ಬಿಚ್ಚುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ನನ್ನನ್ನು ಆ ಮೆಟ್ಟಿಲು ಹತ್ತಗೊಡುವುದಿಲ್ಲ. ತಾವು ಯಾರಾದರೂ ಆ ಗಲ್ಲಿಯಲ್ಲಿ ಹಾಯುವವರಿದ್ದರೆ ದಯವಿಟ್ಟು ಒಂದು ಲೋಟ ಚಹಾ ಮೇಲಕ್ಕೆ ಕೊಟ್ಟುಬನ್ನಿ. ಸಕ್ಕರೆ ಎರಡು ಚಮಚ. ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಹೊರಡಿ, ಮೆಟ್ಟಿಲು ಕಡಿದು.